ಶಲ್ಯ ಇನ್ನೂ ಹೊರಟಿಲ್ಲ

ಕನ್ನಡದ ದೊಡ್ಡ ಕಾದಂಬರಿಗಳನ್ನು ಯಾರೂ ಮೊದಲ ಸಲ ಓದುವುದಿಲ್ಲ. ಎಲ್ಲರೂ ಎರಡನೇ ಸಲವೇ ಓದುವುದು. ನಂಬಿಕೆ ಇಲ್ಲದಿದ್ದರೆ ನಾಲ್ಕು ಜನ ಓದುವವರು ಸೇರಿದ ಕಡೆ ಹೋಗಿ, ‘ಈಗ ಏನು ಓದ್ತಿದ್ದೀರಿ?’ ಅಂತ ಕೇಳಿ ನೋಡಿ. ‘ಮಲೆಗಳಲ್ಲಿ ಮದುಮಗಳು ಇನ್ನೊಂದ್ಸಲ ತೆಗೆದಿದ್ದೀನಿ’ ಅನ್ನುತ್ತಾರೆ ಒಬ್ಬರು. ‘ಪರ್ವ, ಮರು ಓದು’ ಅನ್ನುತ್ತಾರೆ ಇನ್ನೊಬ್ಬರು. ಮೊದಲ ಓದು ಯಾವಾಗ ನಡೆಯಿತು, ಎಲ್ಲಿ ನಡೆಯಿತು, ಮನೆಯವರೂ ನೋಡಿರುವುದಿಲ್ಲ.

ಮೈಸೂರಿನಲ್ಲಿ ನಾವೊಂದಿಷ್ಟು ಜನ ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಓದುತ್ತಿರುವುದನ್ನು ಹೇಳುವುದು, ಓದಬೇಕಾದ್ದನ್ನು ಕೇಳಿ ತಿಳಿದುಕೊಳ್ಳುವುದು ಉದ್ದೇಶ. ಒಬ್ಬರು ರಿಟೈರಾದ ಮೇಷ್ಟ್ರು, ಒಬ್ಬರು ಬ್ಯಾಂಕಿನವರು, ಒಬ್ಬರು ಹೋಮಿಯೋಪತಿ ಡಾಕ್ಟರು, ನಾಲ್ಕೈದು ಜನ ನಮ್ಮಂಥ ಹೆಂಗಸರು, ಜತೆಗೆ ಇಂಜಿನಿಯರಿಂಗ್ ಓದುವ ಒಬ್ಬ ಹುಡುಗ. ಅವನು ಈ ಮುದುಕರ ಸಂತೆಗೆ ಯಾಕೆ ಬರುತ್ತಾನೆ ಅಂತ ನಮಗೆ ಬಹಳ ದಿನ ಗೊತ್ತಾಗಿರಲಿಲ್ಲ. ಅವನ ಪಿ.ಜಿ.ಯಲ್ಲಿ ಭಾನುವಾರದ ತಿಂಡಿ ಚೆನ್ನಾಗಿರುವುದಿಲ್ಲವಂತೆ.

ಬ್ಯಾಂಕಿನವರು ‘ಮಲೆಗಳಲ್ಲಿ ಮದುಮಗಳು’ ಪಕ್ಷ. 1967ರಲ್ಲಿ ಬಂದ ಈ ಪುಸ್ತಕವನ್ನು ಅವರು ಎಷ್ಟು ಕಾಲದಿಂದ ಮತ್ತೆ ಓದುತ್ತಿದ್ದಾರೆ ಅಂದರೆ, ಪಾಪ, ಕತೆಯ ಶುರುವಿನಲ್ಲೇ ಬರುವ ಗುತ್ತಿ ತನ್ನ ನಾಯಿ ಹುಲಿಯನ ಜತೆ ಇನ್ನೂ ನಡೆಯುತ್ತಲೇ ಇದ್ದಾನೆ. ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ’ ಅನ್ನುವ ಕುವೆಂಪು ಅವರ ಮಾತನ್ನು ಪ್ರತಿ ಸಭೆಯಲ್ಲೂ ಹೇಳುತ್ತಾರೆ. ಆ ಮಾತು ಇರುವುದು ಕತೆ ಶುರುವಾಗುವ ಮೊದಲಿನ ಪುಟದಲ್ಲಿ. ಕನ್ನಡಿಗರು ಆ ಕಾದಂಬರಿಯಿಂದ ಅಷ್ಟು ಸಲ ಎತ್ತಿ ಹೇಳುವ ಮಾತು ಇನ್ನೊಂದಿಲ್ಲ. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಅವರ ಮೊದಲ ಓದಿನ ಗುಟ್ಟು ಅವರ ಹೆಂಡತಿಯಿಂದಲೇ ಹೊರಬಿತ್ತು. 2010ರಲ್ಲಿ ನಮ್ಮ ರಂಗಾಯಣದ ಆವರಣದಲ್ಲಿ ಆ ಕಾದಂಬರಿಯನ್ನು ನಾಟಕ ಮಾಡಿದರು. ಸಿ. ಬಸವಲಿಂಗಯ್ಯನವರ ನಿರ್ದೇಶನ. ಸಂಜೆಗತ್ತಲಲ್ಲಿ ಶುರುವಾದರೆ ಬೆಳಗಿನ ಜಾವಕ್ಕೆ ಮುಗಿಯುವ ನಾಟಕ. ಒಂದೇ ರಂಗವೂ ಅಲ್ಲ, ಬಯಲಲ್ಲಿ ಬೇರೆ ಬೇರೆ ಕಡೆ ರಂಗ ಕಟ್ಟಿದ್ದರು. ಒಂದು ಕಡೆ ಮುಗಿದರೆ ಜನ ಎದ್ದು ಇನ್ನೊಂದು ಕಡೆಗೆ ಹೋಗಬೇಕು. ಇವರು ಶಾಲು ಹೊದ್ದುಕೊಂಡು ಕುಳಿತವರು ಗುತ್ತಿ ಬಂದ ಸ್ವಲ್ಪ ಹೊತ್ತಿಗೇ ಗೊರಕೆ. ‘ರಂಗ ಬದಲಾದಾಗಲೆಲ್ಲ ಎಬ್ಬಿಸಿ ಕೈ ಹಿಡಿದು ನಡೆಸಿಕೊಂಡು ಹೋಗಿ ಕೂರಿಸ್ತಿದ್ದೆ. ಕೂತ ತಕ್ಷಣ ಮತ್ತೆ ನಿದ್ದೆ’ ಅಂದರು ಆಕೆ. ಹಾಗಾಗಿ ಕಾದಂಬರಿಯ ಮೊದಲು ಮತ್ತು ಕೊನೆಯ ಬಗ್ಗೆ ಬ್ಯಾಂಕಿನವರ ಮಾತಿಗೆ ಎದುರಿಲ್ಲ. ನಡುವಿನದು ಕೇಳಿದರೆ ‘ಅದನ್ನೆಲ್ಲ ಓದಿಯೇ ಅನುಭವಿಸಬೇಕು’ ಅನ್ನುತ್ತಾರೆ.

ನನ್ನ ತೊಂದರೆ ಬೇರೆ. ಮೇಷ್ಟ್ರು ನನಗೆ ‘ಪರ್ವ’ ಓದಿ ಅಂತ ಹೇಳಿಬಿಟ್ಟಿದ್ದಾರೆ. ಪುಸ್ತಕ ಓದಿ ಅಂತ ಹೇಳಿದವರು ಅಲ್ಲಿಗೆ ಸುಮ್ಮನಾದರೆ ಲೋಕದಲ್ಲಿ ಕಷ್ಟವೇ ಇರುತ್ತಿರಲಿಲ್ಲ. ಹೇಳಿದ ಗಳಿಗೆಯಿಂದ ಅವರು ಸಾಲ ಕೊಟ್ಟವರಾಗುತ್ತಾರೆ. ದೇವರಾಜ ಮಾರ್ಕೆಟ್ಟಿನಲ್ಲಿ ನಾನು ವೀಳ್ಯದೆಲೆ ಆರಿಸುತ್ತಿದ್ದರೆ ಹಿಂದಿನಿಂದ ‘ಎಲ್ಲಿಗೆ ಬಂತು?’ ಅನ್ನುವ ದನಿ. ಎಲೆ ಮಾರುವವನು ತನಗೇ ಕೇಳಿದ್ದು ಅಂದುಕೊಂಡು ‘ಕವಳಿಗೆ ಮೇಲೆ ಹತ್ತು ರೂಪಾಯಿ ಏರೈತೆ ಸಾಮಿ’ ಅಂದ.

ಇದಕ್ಕೆ ಒಂದು ಉತ್ತರ ಇಟ್ಟುಕೊಂಡಿದ್ದೇನೆ. ಬೇಕಾದವರು ಬಳಸಿಕೊಳ್ಳಬಹುದು. ‘ಶಲ್ಯ ಇನ್ನೂ ಯಾವ ಕಡೆ ಅಂತ ತೀರ್ಮಾನ ಮಾಡಿಲ್ಲ ಮೇಷ್ಟ್ರೇ.’ ಭೈರಪ್ಪನವರು 1979ರಲ್ಲಿ ಪ್ರಕಟಿಸಿದ ಈ ಕಾದಂಬರಿ ಮದ್ರದೇಶದ ಮುದಿ ಅರಸ ಶಲ್ಯನ ಅರಮನೆಯಲ್ಲಿ ಶುರುವಾಗುತ್ತದೆ. ಪಾಂಡವರ ಕಡೆಗೋ ಕೌರವರ ಕಡೆಗೋ ಅನ್ನುವ ಗೊಂದಲ ಅಲ್ಲಿ. ಓದದವರು ಕೇಳಿದರೆ ಆಹಾ, ಎಷ್ಟು ಆಳಕ್ಕೆ ಇಳಿದಿದ್ದಾಳೆ ಅನ್ನಿಸುತ್ತದೆ. ಓದಿದವರಿಗೆ ಮಾತ್ರ ನಾನು ಬಾಗಿಲಲ್ಲೇ ನಿಂತಿದ್ದೇನೆ ಅಂತ ಗೊತ್ತಾಗುತ್ತದೆ. ಮೇಷ್ಟ್ರು ಮೊದಲ ಸಲ ‘ಭೇಷ್’ ಅಂದರು. ಅಂದಿನಿಂದ ನನಗೆ ಮೇಷ್ಟ್ರ ಮೇಲೂ ಸ್ವಲ್ಪ ಅನುಮಾನ.

ಗುಟ್ಟು ರಟ್ಟು ಮಾಡಿದ್ದು ಆ ಇಂಜಿನಿಯರಿಂಗ್ ಹುಡುಗ. ಉಪ್ಪಿಟ್ಟಿನ ಎರಡನೇ ತಟ್ಟೆ ಹಿಡಿದುಕೊಂಡು, ‘ಅವನು ದುರ್ಯೋಧನನ ಕಡೆಗೇ ಸೇರೋದು ಆಂಟಿ. ಮಹಾಭಾರತದಲ್ಲೇ ಇದೆಯಲ್ಲ, ಪಾಂಡವರ ಕಡೆಗೆ ಅಂತ ಹೊರಟವನಿಗೆ ದುರ್ಯೋಧನ ದಾರಿಯುದ್ದಕ್ಕೂ ಊಟ ಉಪಚಾರ ಮಾಡಿಸಿಬಿಡ್ತಾನೆ’ ಅಂದ. ನಮ್ಮ ಕೂಟದಲ್ಲಿ ‘ಪರ್ವ’ವನ್ನು ಪೂರ್ತಿ ಓದಿ ಮುಗಿಸಿದವನು ಅವನೊಬ್ಬನೇ ಅಂತ ಆವತ್ತು ಗೊತ್ತಾಯಿತು. ಆ ಭಾಗ ಅವನಿಗೆ ಮನಸ್ಸಿಗೆ ನಾಟಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಹೇಳಿಸಿಕೊಳ್ಳುವವರ ಕಷ್ಟ ಇಷ್ಟು. ಹೇಳುವವರ ಕಷ್ಟ ಇದಕ್ಕಿಂತ ಜಾಸ್ತಿ.

ನಮ್ಮ ಚಿಕ್ಕಪ್ಪನಿಗೆ ಪಿತ್ತಕೋಶದಲ್ಲಿ ಕಲ್ಲು ಅಂತ ಆಸ್ಪತ್ರೆಗೆ ಸೇರಿಸಿದ್ದರು. ಆಪರೇಷನ್ನಿಗೆ ಎರಡು ದಿನ ಇತ್ತು. ಫೋನ್ ಮಾಡಿ ‘ಹೊತ್ತು ಹೋಗಲ್ಲ ಕಣೇ, ಕಾರಂತರದ್ದು ಯಾವುದಾದರೂ ಕಳಿಸು’ ಅಂದರು. ಚಿಕ್ಕಪ್ಪನಿಗೆ ಕಾರಂತರು ಅಂದರೆ ಪ್ರಾಣ. ನಮ್ಮನೆಯವರು ಆ ಕಡೆಗೇ ಹೊರಟಿದ್ದರು. ‘ಕಪಾಟಿನಲ್ಲಿ ಕಾರಂತರ ಸಾಲಿದೆ, ಒಂದು ತಗೊಂಡು ಹೋಗಿ’ ಅಂದೆ. ‘ಬೆಟ್ಟದ ಜೀವ’ ಇತ್ತು. ಆ ಗೋಪಾಲಯ್ಯನ ಜೀವನೋತ್ಸಾಹ ನೋಡಿದರೆ ರೋಗಿ ಎದ್ದು ತೋಟಕ್ಕೆ ಹೋಗಬೇಕು, ಅಂಥ ಪುಸ್ತಕ. ಇವರು ತೆಗೆದುಕೊಂಡು ಹೋಗಿ ಕೊಟ್ಟಿದ್ದು ‘ಮರಳಿ ಮಣ್ಣಿಗೆ’.

ಅರ್ಧ ಗಂಟೆಯಲ್ಲಿ ಚಿಕ್ಕಮ್ಮನ ಫೋನು. ‘ನಿಮ್ಮನೆಯವರಿಗೆ ಬೇರೆ ಪುಸ್ತಕ ಸಿಗಲಿಲ್ವೇನೇ?’

ಅದು ಸಾವಿನ ಕತೆ ಅಲ್ಲ ಚಿಕ್ಕಮ್ಮ ಅಂದೆ. ಕರಾವಳಿಯ ಒಂದು ಮನೆತನದ ಮೂರು ತಲೆಮಾರಿನ ಕತೆ, ಮೊಮ್ಮಗ ರಾಮ ಪಟ್ಟಣಗಳನ್ನೆಲ್ಲ ಸುತ್ತಿ ಕೊನೆಗೆ ಊರಿಗೆ, ಬೇಸಾಯಕ್ಕೆ ವಾಪಸು ಬರುತ್ತಾನೆ, ಆ ಮಣ್ಣು ಗದ್ದೆಯ ಮಣ್ಣು ಅಂತ ಬಿಡಿಸಿ ಹೇಳಿದೆ. ಚಿಕ್ಕಮ್ಮ ಸಮಾಧಾನವಾಗಿ ಕೇಳಿಸಿಕೊಂಡರು. ‘ಇರಲಿ. ಹೊಲಿಗೆ ಬಿಚ್ಚೋವರೆಗೂ ನಮಗೆ ಯಾವ ಮಣ್ಣೂ ಬೇಡ.’

ಸಂಜೆ ನಮ್ಮನೆಯವರನ್ನು ವಿಚಾರಿಸಿದೆ. ಅವರ ವಾದಕ್ಕೆ ಇವತ್ತಿಗೂ ನನ್ನಲ್ಲಿ ಉತ್ತರ ಇಲ್ಲ. ‘ಅದರ ಪಕ್ಕದಲ್ಲಿ “ಅಳಿದ ಮೇಲೆ” ಇತ್ತು. ಅದನ್ನ ಬಿಟ್ಟು ಇದನ್ನ ತಗೊಂಡು ಹೋದೆ. ಇನ್ನೆಷ್ಟು ಯೋಚನೆ ಮಾಡಬೇಕು?’

ಚಿಕ್ಕಪ್ಪ ಮಾತ್ರ ಪುಸ್ತಕ ಬಿಟ್ಟುಕೊಡಲಿಲ್ಲ. ಚಿಕ್ಕಮ್ಮ ಸೋತು, ಹೆಸರು ಕಾಣದಿರಲಿ ಅಂತ ಆಸ್ಪತ್ರೆಯಲ್ಲಿ ಬಿದ್ದಿದ್ದ ಹಳೇ ನ್ಯೂಸ್‌ಪೇಪರಿನಿಂದ ಅದಕ್ಕೊಂದು ರಟ್ಟು ಹಾಕಿದರು. ಕನ್ನಡಕ ಹಾಕಿಕೊಂಡಿರಲಿಲ್ಲ. ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ‘ಏನು ಓದ್ತಿದ್ದೀರಿ?’ ಅಂದರೆ ಚಿಕ್ಕಪ್ಪ ಖುಷಿಯಾಗಿ ‘ಮರಳಿ ಮಣ್ಣಿಗೆ, ಡಾಕ್ಟ್ರೇ’ ಅಂದು ಪುಸ್ತಕ ಎತ್ತಿ ತೋರಿಸಿದರು. ಮುಂದಿನ ರಟ್ಟಿನ ಮೇಲೆ ಶ್ರದ್ಧಾಂಜಲಿ, ಹಿಂದಿನ ರಟ್ಟಿನ ಮೇಲೆ ವೈಕುಂಠ ಸಮಾರಾಧನೆ, ನಡುವೆ ಬೆನ್ನಿನ ಮೇಲೆ ಹಾರ ಹಾಕಿದ ಒಬ್ಬ ಯಜಮಾನರ ಫೋಟೋ. ‘ಆಪರೇಷನ್ ಬಹಳ ಚಿಕ್ಕದು, ಮನಸ್ಸಿಗೆ ಏನೂ ಹಚ್ಚಿಕೋಬೇಡಿ’ ಅಂತ ಡಾಕ್ಟರು ಕೈ ಅದುಮಿ ಹೋದರಂತೆ. ಮಧ್ಯಾಹ್ನ ಧೈರ್ಯ ಹೇಳಲು ಒಬ್ಬ ಕೌನ್ಸೆಲರ್ ಬಂದು ಕುಳಿತರು. ಚಿಕ್ಕಪ್ಪ ಅವರಿಗೂ ಕಾರಂತರನ್ನು ಓದಿ ಅಂತ ಹೇಳಿ ಕಳಿಸಿದರು.

ಹೆಸರಿನ ಕಾಟವಾದರೂ ರಟ್ಟಿನಲ್ಲಿ ಮುಚ್ಚಿಹೋಗುತ್ತದೆ. ಒಳಗಿನದನ್ನು ಏನು ಮಾಡುವುದು? ನಮ್ಮ ಎದುರುಮನೆಯಲ್ಲಿ ಅತ್ತೆ ಸೊಸೆ ಇದ್ದಾರೆ. ಅತ್ತೆ ಒಂದು ದಿನ ಗೇಟಿನ ಹತ್ತಿರ ನಿಂತು, ‘ಸೀರಿಯಲ್ ನೋಡಿ ನೋಡಿ ಬೇಜಾರಾಗಿದೆ ಕಣ್ರೀ, ಸಂಸಾರದ ಕತೆ ಇರೋದು ಒಂದು ಒಳ್ಳೇ ಪುಸ್ತಕ ಕೊಡಿ’ ಅಂದರು. ಅವರ ತವರು ಚನ್ನರಾಯಪಟ್ಟಣದ ಕಡೆ. ಆ ಸೀಮೆಯ ಮಾತೇ ಇರುವ ‘ಗೃಹಭಂಗ’ ಕೊಟ್ಟೆ. ಇದಕ್ಕಿಂತ ಸಂಸಾರದ ಕತೆ ಯಾವುದಿದೆ ಹೇಳಿ? ಕೈಲಾಗದ ಗಂಡನ ಬದಲು ಶಾನುಭೋಗಿಕೆಯ ಲೆಕ್ಕ ತಾನೇ ಬರೆದು ಮನೆ ನಡೆಸುವ ನಂಜಮ್ಮ, ಬಾಯಿ ಬಿಟ್ಟರೆ ಬೈಗುಳವೇ ಬರುವ ಅತ್ತೆ ಗಂಗಮ್ಮ.

ನಾಲ್ಕೇ ದಿನಕ್ಕೆ ಪುಸ್ತಕ ವಾಪಸು ಬಂತು. ಕೊಡುವಾಗ ಅವರ ಮುಖ ನೆಟ್ಟಗಿರಲಿಲ್ಲ.

‘ನಮ್ಮ ಹುಡುಗಿ ನಿಮ್ಮ ಹತ್ರ ಏನೇನು ಹೇಳಿದ್ದಾಳೆ?’

‘ಅಯ್ಯೋ, ಇದು 1970ರ ಪುಸ್ತಕ ಅಮ್ಮ. ನಿಮ್ಮ ಸೊಸೆ ಆಗ ಹುಟ್ಟೇ ಇರಲಿಲ್ಲ.’

‘ಹುಟ್ಟದೇ ಇದ್ರೇನು? ಬರೆದೋರಿಗೆ ಯಾರೋ ಹೇಳಿದ್ದಾರೆ.’

ಮಾರನೇ ದಿನ ಸೊಸೆ ಬಂದು, ‘ಅತ್ತೆ ಓದಿದ ಪುಸ್ತಕ ನನಗೂ ಕೊಡ್ತೀರಾ ಅಕ್ಕ?’ ಅಂದಳು. ಕೊಡದಿರಲು ನಾನು ಯಾರು? ಅವಳು ಒಂದು ತಿಂಗಳು ಇಟ್ಟುಕೊಂಡಳು. ವಾಪಸು ಬಂದಾಗ ಗಂಗಮ್ಮನ ಮಾತುಗಳ ಕೆಳಗೆಲ್ಲ ಪೆನ್ಸಿಲಿನಲ್ಲಿ ಗೆರೆ. ಒಂದೆರಡು ಕಡೆ ಅಂಚಿನಲ್ಲಿ ತಾರೀಖು ಕೂಡ ಹಾಕಿದ್ದಳು. ಆ ಪ್ರತಿಯನ್ನು ಈಗ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ಯಾವತ್ತಾದರೂ ಕೋರ್ಟಿನಲ್ಲಿ ಬೇಕಾಗಬಹುದು.

ಜನರಿಗೆ ಒಂದು ಪುಸ್ತಕ ಹೇಳಿದರೆ ಅವರು ಪುಸ್ತಕವನ್ನು ನೋಡುವುದಿಲ್ಲ. ಇಷ್ಟು ಜನರಿರುವಾಗ ನನಗೇ ಯಾಕೆ ಇದನ್ನು ಹೇಳಿದಳು ಅಂತ ನೋಡುತ್ತಾರೆ. ಗ್ರಂಥಾಲಯ ಶಾಸ್ತ್ರದ ದೊಡ್ಡವರು ಎಸ್.ಆರ್. ರಂಗನಾಥನ್ 1931ರಲ್ಲೇ ಐದು ಸೂತ್ರ ಬರೆದಿಟ್ಟರು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಅನ್ನುವುದು ಅದರಲ್ಲಿ ಎರಡು. ಕೊನೆಗಾಲದಲ್ಲಿ ಅವರು ಬೆಂಗಳೂರಿನಲ್ಲೇ ಇದ್ದರು. ಸಿಕ್ಕ ಮೇಲೆ ಆ ಓದುಗರು ಮೂರು ತಿಂಗಳು ಮಾತು ಬಿಟ್ಟರೆ ಏನು ಮಾಡಬೇಕು ಅಂತ ಯಾರಾದರೂ ಆಗಲೇ ಹೋಗಿ ಕೇಳಿದ್ದರೆ ಆರನೇ ಸೂತ್ರ ಬಂದಿರುತ್ತಿತ್ತು.

ಹೀಗಾಗಿ ಎಲ್ಲರೂ ಕೊನೆಗೆ ‘ಕರ್ವಾಲೊ’ ಹತ್ತಿರ ಬಂದು ನಿಲ್ಲುತ್ತಾರೆ. ತೇಜಸ್ವಿಯವರ ಈ ಪುಸ್ತಕ ಯಾರಿಗೆ ಕೊಟ್ಟರೂ ಜಗಳ ಇಲ್ಲ. ಚಿಕ್ಕದು, ನಗು ಬರುತ್ತದೆ, ಜೇನಿನ ಮಾತಿನಿಂದ ಶುರುವಾಗಿ ಹಾರುವ ಓತಿಯ ಹಿಂದೆ ಕಾಡಿಗೆ ಕರೆದುಕೊಂಡು ಹೋಗುತ್ತದೆ. ಅತ್ತೆಯಂದಿರ ಕಾಟ ಇಲ್ಲ. ಮಂದಣ್ಣ ನನ್ನನ್ನೇ ನೋಡಿ ಬರೆದ ಹಾಗಿದ್ದಾನೆ ಅಂತ ಯಾರೂ ಸಿಟ್ಟಾಗುವುದಿಲ್ಲ. ಇರುವ ತೊಂದರೆ ಒಂದೇ. ಕೊಟ್ಟ ‘ಕರ್ವಾಲೊ’ ವಾಪಸು ಬರುವುದಿಲ್ಲ. ಕಾದಂಬರಿಯ ಕೊನೆಯಲ್ಲಿ ಆ ಓತಿ ಕೂಡ ಹೀಗೇ ಕಣ್ಣೆದುರೇ ಹಾರಿಹೋಗುತ್ತದೆ, ಏನು ಮಾಡುವುದು. ನಮ್ಮನೆಯವರು ಸಾಲದ ಲೆಕ್ಕಕ್ಕೆ ಒಂದು ಪುಸ್ತಕ ಇಟ್ಟರು. ಯಾರು, ಯಾವುದು, ಯಾವತ್ತು ಅಂತ ಗೆರೆ ಹೊಡೆದು ಬರೆಯುತ್ತಿದ್ದರು. ಆ ಲೆಕ್ಕದ ಪುಸ್ತಕವನ್ನು ಯಾರೋ ‘ಒಂದ್ನಿಮಿಷ ನೋಡಿ ಕೊಡ್ತೀನಿ’ ಅಂತ ತೆಗೆದುಕೊಂಡು ಹೋಗಿದ್ದಾರೆ.

2025ರ ಮೇ ತಿಂಗಳಲ್ಲಿ ಮಾತ್ರ ಕೆಲವು ದಿನ ನಮಗೆ ಈ ಯೋಚನೆ ಇರಲಿಲ್ಲ. ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಿತ್ತು. ಅನುವಾದ ದೀಪಾ ಭಾಸ್ತಿ ಅವರದು. ಕತೆಗಳ ಸಂಕಲನಕ್ಕೆ ಆ ಬಹುಮಾನ ಬಂದದ್ದೇ ಅದು ಮೊದಲು. ಊರೆಲ್ಲ ಒಂದೇ ಪುಸ್ತಕ ಓದಿ ಅನ್ನುತ್ತಿತ್ತು. ಪುಸ್ತಕದಂಗಡಿಗೆ ಹೋದರೆ ನನ್ನ ಮುಂದೆ ನಿಂತಿದ್ದ ಒಬ್ಬರು ‘ಹಾರ್ಟ್ ಲ್ಯಾಂಪ್ ಕನ್ನಡದಲ್ಲಿ ಕೊಡಿ’ ಅಂತ ಪಟ್ಟು ಹಿಡಿದಿದ್ದರು. ಬೇರೆ ಬೇರೆ ಕಾಲದಲ್ಲಿ ಬರೆದ ಕನ್ನಡದ ಕತೆಗಳಿಂದ ಹನ್ನೆರಡನ್ನು ಆರಿಸಿ ಇಂಗ್ಲಿಷಿಗೆ ಮಾಡಿದ್ದು ಸಾರ್, ಯಾವುದೋ ಒಂದೇ ಕನ್ನಡ ಪುಸ್ತಕದಿಂದ ಬಂದದ್ದಲ್ಲ ಅಂತ ಅಂಗಡಿಯ ಹುಡುಗ ಹೇಳಿ ಹೇಳಿ ಸುಸ್ತಾಗಿದ್ದ. ‘ಹಾಗಾದ್ರೆ ಕನ್ನಡದಲ್ಲಿ ಯಾವಾಗ ಅನುವಾದ ಆಗುತ್ತೆ?’ ಅಂದರು ಅವರು. ಹುಡುಗ ಒಳಗೆ ಹೋದವನು ಬಹಳ ಹೊತ್ತು ಹೊರಗೆ ಬರಲಿಲ್ಲ.

ನಮ್ಮ ಕೂಟದಲ್ಲಿ ಈಗ ಹೊಸ ನಿಯಮ ಬಂದಿದೆ. ಯಾರೂ ಯಾರಿಗೂ ಪುಸ್ತಕ ಹೇಳುವ ಹಾಗಿಲ್ಲ. ಎಲ್ಲರೂ ಒಂದೇ ಪುಸ್ತಕ ಓದಿಕೊಂಡು ಬರಬೇಕು, ಅದರ ಮೇಲೆ ಮಾತು. ದಪ್ಪ ಇರಬಾರದು ಅಂತ ಬ್ಯಾಂಕಿನವರು ಮೊದಲೇ ಷರತ್ತು ಹಾಕಿದರು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಅಂತ ತೀರ್ಮಾನವಾಯಿತು. ಬಾಲ್ಯದಲ್ಲೇ ವಿಧವೆಯಾಗಿ, ಒಪ್ಪೊತ್ತು ಉಂಡುಕೊಂಡು ಒಂದು ದೊಡ್ಡ ಬದುಕು ಕಳೆದ ಹೆಂಗಸಿನ ಕತೆ. ಮುಂದಿನ ಭಾನುವಾರ ನಮ್ಮನೆಯಲ್ಲೇ ಸಭೆ. ವಾಟ್ಸಾಪಿನಲ್ಲಿ ಮೂರು ದಿನದಿಂದ ಬಿಸಿ ಬಿಸಿ ಚರ್ಚೆ ನಡೆಯುತ್ತಿದೆ. ಬಿಸಿಬೇಳೆ ಬಾತ್ ಒಂದೇ ಸಾಕಾ, ಜತೆಗೆ ಮೊಸರನ್ನವೂ ಇರಲಾ ಅಂತ ಕೆಲವರು. ಸಿಹಿ ಇಲ್ಲದೆ ಸಭೆ ಎಂಥದ್ದು ಅಂತ ಡಾಕ್ಟರು. ಬೂಂದಿ ತಾನೇ ತರುತ್ತೇನೆ ಅಂತ ಹುಡುಗ. ಪುಸ್ತಕ ಯಾರ ಹತ್ತಿರ ಇದೆ ಅಂತ ನಿನ್ನೆ ರಾತ್ರಿ ಕೇಳಿದೆ. ಎಲ್ಲರೂ ನೋಡಿದ್ದಾರೆ, ಎರಡೆರಡು ನೀಲಿ ಗೆರೆ ಬಂದಿದೆ. ಉತ್ತರ ಮೇಷ್ಟ್ರದು ಮಾತ್ರ: ‘ಬಹಳ ಹಿಂದೆ ಓದಿದ್ದೆ, ಈಗ ಮತ್ತೆ ಓದಬೇಕು.’