ದಾರಿಯಲ್ಲಿ ಸತ್ತವರ ಲೆಕ್ಕ ಯಾರ ಪುಸ್ತಕದಲ್ಲಿದೆ?

ಚಿಕ್ಕಪ್ಪ ತೀರಿಕೊಂಡಿದ್ದು ಎಲ್ಲಿ ಅಂತ ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ನಮ್ಮ ಉತ್ತರ ಕನ್ನಡದಲ್ಲಿ ಕಾಯಿಲೆ ಜೋರಾದರೆ ಹೊರಗಿನ ಜಿಲ್ಲೆಯ ಆಸ್ಪತ್ರೆಗೆ ಒಯ್ಯಬೇಕು. ಕುಮಟಾದಿಂದ ಆಂಬುಲೆನ್ಸ್ ಹೊರಟಾಗ ಮಾತಾಡುತ್ತಿದ್ದರು. ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟುವಾಗ ನೀರು ಕೇಳಿದರಂತೆ. ಭಟ್ಕಳ ಬರುವಷ್ಟರಲ್ಲಿ ಕೈ ತಣ್ಣಗಾಗಿತ್ತು ಅಂತ ಚಿಕ್ಕಮ್ಮ ಹೇಳುತ್ತಾರೆ. ಆದರೆ ಮರಣ ಪ್ರಮಾಣಪತ್ರದಲ್ಲಿ ಇರುವುದು ಉಡುಪಿ ಜಿಲ್ಲೆಯ ಊರು.

ಅದರಲ್ಲಿ ಯಾರ ತಪ್ಪೂ ಇಲ್ಲ. ನಿಯಮವೇ ಹಾಗಿದೆ. ಸಾವು ಎಲ್ಲಿ ಆಯಿತೋ ಅಲ್ಲೇ ನೋಂದಣಿ. ಓಡುವ ಗಾಡಿಯಲ್ಲಿ ಆದರೆ ಗಾಡಿ ಮೊದಲು ನಿಂತ ಜಾಗದಲ್ಲಿ. ಆಂಬುಲೆನ್ಸ್ ನಿಲ್ಲುವುದು ಆಸ್ಪತ್ರೆ ಬಾಗಿಲಲ್ಲಿ ತಾನೇ? ಹಾಗಾಗಿ ನಮ್ಮೂರಿನ ಮನುಷ್ಯ ಪಕ್ಕದ ಜಿಲ್ಲೆಯ ಪುಸ್ತಕದಲ್ಲಿ ಸತ್ತ. ಕಾರವಾರದವರು ಗೋವಾದ ಪುಸ್ತಕದಲ್ಲಿ, ಶಿರಸಿಯವರು ಹುಬ್ಬಳ್ಳಿಯ ಪುಸ್ತಕದಲ್ಲಿ. ನಮ್ಮ ಜಿಲ್ಲೆಯ ಲೆಕ್ಕದಲ್ಲಿ ನಾವೆಲ್ಲ ಗಟ್ಟಿಮುಟ್ಟಾಗಿಯೇ ಇದ್ದೇವೆ ಬಿಡಿ.

ಇದನ್ನು ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಮೊನ್ನೆ ಚಹಾದ ಅಂಗಡಿಯಲ್ಲಿ ಪ್ರಪಂಚದ ಮಾನವ ಹಕ್ಕುಗಳ ಬಗ್ಗೆ ಜೋರು ಮಾತು ನಡೆಯಿತು. ಆ ದೇಶದಲ್ಲಿ ಹಾಗೆ, ಈ ದೇಶದಲ್ಲಿ ಹೀಗೆ. ವರದಿ ಬರೆದು ಏನು ಪ್ರಯೋಜನ, ಸತ್ತವರು ಎದ್ದು ಬರುತ್ತಾರಾ ಅಂತ ಒಬ್ಬ ಕೇಳಿದ. ಆಗ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೆ ನೆನಪಾಗಿದ್ದು ಪಂಜಾಬಿನ ಕಟ್ಟಿಗೆ ಲೆಕ್ಕ.

ಜಸ್ವಂತ್ ಸಿಂಗ್ ಖಾಲ್ಡಾ ಅಂತ ಒಬ್ಬರಿದ್ದರು, ಅಮೃತಸರದವರು. ಬ್ಯಾಂಕಿನ ಕೆಲಸ ಗೊತ್ತಿದ್ದವರು. ಪಂಜಾಬಿನಲ್ಲಿ ಉಗ್ರವಾದ ಮತ್ತು ಪೊಲೀಸರ ನಡುವೆ ಎಷ್ಟೋ ಜನ ಕಾಣೆಯಾದ ಕಾಲ. ಠಾಣೆಗೆ ಹೋದರೆ ನಮಗೆ ಗೊತ್ತಿಲ್ಲ ಎನ್ನುತ್ತಿದ್ದರು. ಖಾಲ್ಡಾ ಠಾಣೆ ಬಿಟ್ಟು ಸ್ಮಶಾನಕ್ಕೆ ಹೋದರು. ಪೊಲೀಸರು ಗುಟ್ಟಾಗಿ ಹೆಣ ತಂದು ‘ವಾರಸುದಾರರಿಲ್ಲ’ ಅಂತ ಬರೆಸಿ ಸುಡುತ್ತಿದ್ದರು, ಸರಿ. ಆದರೆ ಸುಡಲು ಕಟ್ಟಿಗೆ ಬೇಕಲ್ಲ? ಕಟ್ಟಿಗೆಗೆ ದುಡ್ಡು ಬೇಕಲ್ಲ? ದುಡ್ಡಿಗೆ ಲೆಕ್ಕ ಬೇಕಲ್ಲ? ಆ ಲೆಕ್ಕವನ್ನು ಯಾರೋ ಗುಮಾಸ್ತ ಪ್ರಾಮಾಣಿಕವಾಗಿ ಬರೆದಿಟ್ಟಿದ್ದ. ಹೆಣದ ಸುದ್ದಿ ಮುಚ್ಚಿಟ್ಟವರಿಗೆ ಕಟ್ಟಿಗೆಯ ಬಿಲ್ಲು ಮುಚ್ಚಿಡಬೇಕು ಅಂತ ಹೊಳೆಯಲೇ ಇಲ್ಲ.

ಇದನ್ನು ಬಯಲು ಮಾಡಿದ್ದಕ್ಕೆ ಖಾಲ್ಡಾ ಪ್ರಾಣ ಕೊಟ್ಟರು. 1995ರ ಸೆಪ್ಟೆಂಬರ್ 6ರಂದು ಮನೆ ಮುಂದಿನಿಂದಲೇ ಅವರನ್ನು ಎತ್ತಿಕೊಂಡು ಹೋದರು. ಆಮೇಲೆ ಸುಪ್ರೀಂ ಕೋರ್ಟ್ ಹೇಳಿ ಸಿಬಿಐ ತನಿಖೆ ಮಾಡಿತು. ಒಂದೇ ಜಿಲ್ಲೆಯ ಮೂರು ಸ್ಮಶಾನಗಳಲ್ಲಿ ಹೀಗೆ ಸುಟ್ಟ 2,097 ದೇಹಗಳ ಲೆಕ್ಕ ಸಿಕ್ಕಿತು. ಖಾಲ್ಡಾ ಕೊಲೆಗೆ ಪೊಲೀಸರಿಗೆ ಶಿಕ್ಷೆಯಾಗಲು 2005ರವರೆಗೆ ಕಾಯಬೇಕಾಯಿತು.

ನನ್ನಜ್ಜನದು ಕಿರಾಣಿ ಅಂಗಡಿ. ಉದ್ರಿ ಪುಸ್ತಕ ತಲೆದಿಂಬಿನ ಕೆಳಗೇ ಇರುತ್ತಿತ್ತು. ಯಾರ ಮನೆಯಲ್ಲಿ ಮದುವೆ, ಯಾರ ಮನೆಯಲ್ಲಿ ಬಾಣಂತನ, ಯಾರು ಸತ್ತು ಹದಿಮೂರನೇ ದಿನಕ್ಕೆ ಅಕ್ಕಿ ಬೆಲ್ಲ ಒಯ್ದರು, ಎಲ್ಲ ಅದರಲ್ಲಿತ್ತು. ಊರಿನ ಚರಿತ್ರೆ ಬರೆಯುತ್ತಿದ್ದೇನೆ ಅಂತ ಅಜ್ಜನಿಗೆ ಗೊತ್ತೇ ಇರಲಿಲ್ಲ. ಅದಕ್ಕೇ ಏನೋ ಈ ಕಟ್ಟಿಗೆ ಕತೆ ನನ್ನನ್ನು ಬಿಡುವುದಿಲ್ಲ.

ಇನ್ನು ಅರ್ಜೆಂಟೀನಾ. ಆಗ ಅಲ್ಲಿ ಸೇನಾ ಆಡಳಿತ. 1977ರ ಏಪ್ರಿಲ್ 30ರಂದು ಮಕ್ಕಳು ಕಾಣೆಯಾದ ಹದಿನಾಲ್ಕು ತಾಯಂದಿರು ಅಧ್ಯಕ್ಷರ ಅರಮನೆ ಮುಂದಿನ ಚೌಕದಲ್ಲಿ ಸೇರಿದರು. ಗುಂಪು ನಿಲ್ಲಬಾರದು, ನಡೀರಿ ಅಂದರು ಪೊಲೀಸರು. ಸರಿ, ನಡೆದರು! ಇಬ್ಬಿಬ್ಬರಾಗಿ ಚೌಕದ ಸುತ್ತ, ಆಮೇಲೆ ಪ್ರತಿ ಗುರುವಾರ, ವರ್ಷಗಟ್ಟಲೆ. ಆ ಬಿಳಿ ತಲೆವಸ್ತ್ರದ ಫೋಟೋ ನಾವೆಲ್ಲ ನೋಡಿದ್ದೇವೆ. ಫೋಟೋದಲ್ಲಿ ಕಾಣದ್ದು ಅವರು ಜೋಪಾನ ಮಾಡಿದ ಅರ್ಜಿ, ಪ್ರತಿ, ಪಟ್ಟಿ. ಸೇನಾ ಆಡಳಿತ ಹೋದ ಮೇಲೆ ಹೊಸ ಸರ್ಕಾರ ಆಯೋಗ ಮಾಡಿತು. 1984ರಲ್ಲಿ ಆ ಆಯೋಗ 8,961 ಜನ ಕಾಣೆಯಾಗಿದ್ದನ್ನು ದಾಖಲಿಸಿತು. ಅಷ್ಟು ಬೇಗ ಆಗಿದ್ದು ಹೇಗೆ? ಆ ತಾಯಂದಿರು, ಅವರಂಥ ಸಂಘಟನೆಗಳು ಮೊದಲೇ ಬರೆದಿಟ್ಟಿದ್ದರಿಂದ. ಮರುವರ್ಷವೇ ಜನರಲ್‌ಗಳು ಕಟಕಟೆಯಲ್ಲಿ ನಿಂತಿದ್ದರು. ನಿಜವಾದ ಸಂಖ್ಯೆ 30 ಸಾವಿರ ಅಂತ ಸಂಘಟನೆಗಳು ಹೇಳುತ್ತವೆ, ಆ ಜಗಳ ಅಲ್ಲಿ ಇನ್ನೂ ಮುಗಿದಿಲ್ಲ.

ಈಗ ಕಮೆಂಟಿನಲ್ಲಿ ಯಾರಾದರೂ ಕೇಳುತ್ತೀರಿ, ಎಲ್ಲಿಯ ಅರ್ಜೆಂಟೀನಾ, ಎಲ್ಲಿಯ ಆಂಬುಲೆನ್ಸು? ಒಪ್ಪುತ್ತೇನೆ. ಅಲ್ಲಿ ಸರ್ಕಾರವೇ ಕೊಂದಿತು. ಇಲ್ಲಿ ಯಾರೂ ನಮ್ಮನ್ನು ಕೊಲ್ಲಲಿಲ್ಲ. ಬರೀ 120 ಕಿಲೋಮೀಟರ್ ದೂರ ಕೊಂದಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ಆದರೆ ಒಂದು ವ್ಯತ್ಯಾಸ ನೋಡಿ. ಅಲ್ಲಿ ಲೆಕ್ಕ ಮುಚ್ಚಿಡುವ ಶ್ರಮವನ್ನಾದರೂ ಪಟ್ಟರು. ಇಲ್ಲಿ ಬರೆಯುವವರೇ ಇಲ್ಲ.

ಕಳೆದ ವರ್ಷ ಒಂದು ಕಚೇರಿಗೆ ಆರ್‌ಟಿಐ ಹಾಕಿದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. (ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ದುಃಖವನ್ನೂ ಅಷ್ಟರಲ್ಲೇ ಮುಗಿಸಬೇಕು.) ಜಿಲ್ಲೆಯಿಂದ ಹೊರಗೆ ಕಳಿಸಿದ ರೋಗಿಗಳಲ್ಲಿ ಎಷ್ಟು ಜನ ದಾರಿಯಲ್ಲಿ ತೀರಿಕೊಂಡರು ಅಂತ ಕೇಳಿದ್ದೆ. ‘ಕೇಳಿದ ರೂಪದಲ್ಲಿ ಮಾಹಿತಿ ಇರುವುದಿಲ್ಲ’ ಅಂತ ಉತ್ತರ ಬಂತು. ಅವರು ಸುಳ್ಳು ಹೇಳಿರಲಿಕ್ಕಿಲ್ಲ. ನಿಜವಾಗಿಯೂ ಇಲ್ಲ.

ಹಾಗಂತ ಸರ್ಕಾರಕ್ಕೆ ಕಾಗದದ ಬೆಲೆ ಗೊತ್ತಿಲ್ಲ ಅಂತಲ್ಲ. ಶಿರಸಿ, ಸಿದ್ದಾಪುರ ಕಡೆ ಅರಣ್ಯ ಹಕ್ಕಿಗೆ ಅರ್ಜಿ ಹಾಕಿದವರನ್ನು ಕೇಳಿ. 2006ರ ಕಾಯ್ದೆ ಪ್ರಕಾರ ಪರಿಶಿಷ್ಟ ಪಂಗಡದವರಲ್ಲದಿದ್ದರೆ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲೇ ಇದ್ದುದಕ್ಕೆ ಪುರಾವೆ ಕೊಡಬೇಕು. 1930ರಲ್ಲಿ ಕಾಡಿನಂಚಿನ ಸೋಗೆ ಮನೆಯಲ್ಲಿ ಯಾವ ಕಾಗದ ಇತ್ತು ಸ್ವಾಮಿ? ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಪುರಾವೆ ಅಂತ ಅದೇ ಕಾಯ್ದೆಯ ನಿಯಮದಲ್ಲಿದೆ. ಅದು ಎಷ್ಟು ಜನರಿಗೆ ಗೊತ್ತಿತ್ತು? ಗೊತ್ತಾಗುವಷ್ಟರಲ್ಲಿ ಎಷ್ಟೋ ಅಜ್ಜ ಅಜ್ಜಿಯರು ಹೋಗಿಬಿಟ್ಟಿದ್ದರು. ನಮ್ಮ ಹತ್ತಿರ ಮುಕ್ಕಾಲು ಶತಮಾನದ ದಾಖಲೆ ಕೇಳುವವರ ಬಳಿ ನಮ್ಮ ಸಾವಿನ ಒಂದು ವರ್ಷದ ದಾಖಲೆ ಇಲ್ಲ.

ನಮ್ಮ ತಪ್ಪೂ ಇದೆ. ಕೂಗುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. 2019ರಲ್ಲಿ ಆಸ್ಪತ್ರೆ ಬೇಕು ಅಂತ ಟ್ವಿಟರ್ ತುಂಬ ಬರೆದೆವು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ಸತ್ತರು. ಮತ್ತೆ ಕೂಗಿದೆವು. ಎರಡು ವರ್ಷಕ್ಕೆ ಇನ್ನೊಂದು ಶಿರೂರು, ಅಂಕೋಲೆಯದು. 2024ರ ಜುಲೈ 16ರಂದು ಗುಡ್ಡ ಹೆದ್ದಾರಿ ಮೇಲೆ ಕುಸಿಯಿತು. ಅಲ್ಲೇ ಹೆದ್ದಾರಿ ಬದಿಯ ಚಹಾದ ಅಂಗಡಿಯವರ ಸಂಸಾರವೇ ಹೋಯಿತು. ಗಂಗಾವಳಿ ನದಿಯ ಆಚೆ ದಡದ ಉಳುವರೆಯಲ್ಲಿ ಮನೆಗಳು ಹೋದವು. ಕೊಚ್ಚಿಹೋಗಿದ್ದ ಒಂದು ಲಾರಿ ಮತ್ತು ಅದರ ಚಾಲಕನ ದೇಹ ನದಿಯಿಂದ ಮೇಲೆ ಬಂದಿದ್ದು ಸೆಪ್ಟೆಂಬರ್ 25ಕ್ಕೆ. ಆ ದಿನಗಳಲ್ಲಿ ನನ್ನ ಗ್ರೂಪುಗಳಿಗೆ ಬಂದ ವಿಡಿಯೋಗಳಲ್ಲಿ ಕೆಲವು ಶಿರೂರಿನವೇ ಅಲ್ಲ, ಎಲ್ಲಿಯವೋ. ಒಂದನ್ನು ನಾನೂ ಸುಮ್ನೆ ಫಾರ್ವರ್ಡ್ ಮಾಡಿದ್ದೆ. ನಾಚಿಕೆಯಾಗುತ್ತದೆ. ಒಂದು ಸುಳ್ಳು ವಿಡಿಯೋ ಸಿಕ್ಕರೆ ಸಾಕು, ಉಳಿದ ನಿಜವನ್ನೂ ಅಲ್ಲಗಳೆಯಲು ಅಧಿಕಾರದಲ್ಲಿರುವವರಿಗೆ ದಾರಿಯಾಯಿತು, ಅಲ್ವಾ?

ಅದಕ್ಕೆ ಈಗ ಒಂದು ಇನ್ನೂರು ಪುಟದ ನೋಟ್‌ಬುಕ್ ತಂದಿದ್ದೇನೆ. ನಿಮ್ಮ ಮನೆಯಲ್ಲಿ ಹೀಗೆ ದಾರಿಯಲ್ಲಿ ತೀರಿಕೊಂಡವರು ಇದ್ದರೆ ಮೆಸೇಜ್ ಮಾಡಿ. ಕಮೆಂಟಿನಲ್ಲಿ ಹೆಸರು ಹಾಕಬೇಡಿ. ದಿನಾಂಕ, ಹೊರಟ ಊರು, ಹೊರಟ ಹೊತ್ತು, ಯಾವ ಗಾಡಿ, ಎಲ್ಲಿ ಎಷ್ಟು ಹೊತ್ತು ನಿಂತಿತು, ಪ್ರಮಾಣಪತ್ರದಲ್ಲಿ ಯಾವ ಊರಿದೆ, ಇಷ್ಟು ಸಾಕು. ರೆಫರ್ ಚೀಟಿ ಇದ್ದರೆ ಬಿಸಾಡಬೇಡಿ, ಫೋಟೋ ತೆಗೆದಿಡಿ. ಯಾರನ್ನೂ ಬೈಯಬೇಡಿ, ಆ ಡಾಕ್ಟರೋ ಡ್ರೈವರೋ ನಮ್ಮ ಹಾಗೇ ಒದ್ದಾಡಿರುತ್ತಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಬರೆಯಿರಿ.

ಮೊದಲ ಪುಟ ಚಿಕ್ಕಪ್ಪನದು. ಅದನ್ನು ತುಂಬಿಸಲು ಎರಡು ದಿನ ಬೇಕಾಯಿತು. ಕುಮಟಾ ಬಿಟ್ಟಾಗ ಒಂಬತ್ತೂವರೆ ಅಂತ ಚಿಕ್ಕಮ್ಮ, ಹತ್ತು ದಾಟಿತ್ತು ಅಂತ ಆಂಬುಲೆನ್ಸ್ ಓಡಿಸಿದ ಹುಡುಗ. ಎರಡನ್ನೂ ಬರೆದಿದ್ದೇನೆ, ಯಾರು ಹೇಳಿದ್ದು ಅಂತ ಪಕ್ಕದಲ್ಲಿ ಹಾಕಿ.