ಒಳವಿಕಿರಣದ ನಂತರ ಮಲದಲ್ಲಿ ರಕ್ತ: ಸತ್ಯಾಂಶ

ಗರ್ಭಕಂಠದ ಕ್ಯಾನ್ಸರಿಗೆ ಒಳವಿಕಿರಣ (ವಿಕಿರಣದ ಮೂಲವನ್ನು ದೇಹದೊಳಗೇ ಇಟ್ಟು ಕೊಡುವ ಚಿಕಿತ್ಸೆ, ಬ್ರಾಕಿಥೆರಪಿ) ಪಡೆದವರ ಮಲದಲ್ಲಿ ವರ್ಷದ ಮೇಲೆ ರಕ್ತ ಕಂಡರೆ ರೋಗ ಕರುಳಿಗೆ ಹರಡಿದೆಯೆಂದೇ ಅರ್ಥ ಎನ್ನುವ ಸಂದೇಶವನ್ನು ಹಲವರು ಕಾಳಜಿಯಿಂದಲೇ ಹಂಚುತ್ತಾರೆ. ಆದರೆ ಅದು ತಪ್ಪು. ಗುದನಾಳವು ಗರ್ಭಕಂಠದ ಹಿಂದೆಯೇ ಇರುವುದರಿಂದ, ಚಿಕಿತ್ಸೆಯ ವೇಳೆ ಯೋನಿಯೊಳಗೆ ಗಾಜ್ ಬಟ್ಟೆ ತುಂಬಿ ಗುದನಾಳವನ್ನು ಆದಷ್ಟು ದೂರ ಸರಿಸಿದರೂ ಸ್ವಲ್ಪ ವಿಕಿರಣ ತಾಗಿಯೇ ತಾಗುತ್ತದೆ. ಹೆಚ್ಚಾಗಿ 6 ತಿಂಗಳಿಂದ 2 ವರ್ಷದೊಳಗೆ, ಕೆಲವೊಮ್ಮೆ ಇನ್ನೂ ತಡವಾಗಿ, ಅಲ್ಲಿ ಮೂಡುವ ಸೂಕ್ಷ್ಮ ರಕ್ತನಾಳಗಳು ಗಟ್ಟಿ ಮಲ ಉಜ್ಜಿದರೂ ಒಸರುತ್ತವೆ. ಹಾಗೆಂದು ಮೂಲವ್ಯಾಧಿಯೆಂದು ಸುಮ್ಮನಿರಬಾರದು, ವೈದ್ಯರು ನೋಡಲೇಬೇಕು. ಆಗ ವಿಕಿರಣ ಚಿಕಿತ್ಸೆಯ ಹಳೆಯ ಡಿಸ್ಚಾರ್ಜ್ ಚೀಟಿಯನ್ನು ತಪ್ಪದೆ ತೋರಿಸಿ, ಏಕೆಂದರೆ ಗುದನಾಳದಿಂದ ಅನಗತ್ಯವಾಗಿ ಬಯಾಪ್ಸಿ (ಪರೀಕ್ಷೆಗೆಂದು ಚಿಕ್ಕ ತುಣುಕು) ತೆಗೆದರೆ ಗಾಯ ಮಾಯದೆ ಉಳಿಯಬಹುದು. ಇಂಥ ಸಂದೇಶ ಬಂದಾಗ ಬರೆದವರು ಯಾರು, ಯಾವ ಚಿಕಿತ್ಸೆಯ ಮಾತು ಎಂಬುದನ್ನು ನೋಡಿ, ಕ್ಯಾನ್ಸರ್ ಆಸ್ಪತ್ರೆಗಳು ರೋಗಿಗಳಿಗಾಗಿ ಪ್ರಕಟಿಸುವ ಮಾಹಿತಿಯೊಂದಿಗೆ ಹೋಲಿಸಿ.