ಸಿಆರ್‌ಎಫ್ ಒಂದೇ ಇಟ್ಟು ಹೋಲಿಸಿದರೆ ಸಾಲದು

ನಿಮ್ಮ ಲೇಖನದಲ್ಲಿ ವಿಡಿಯೊ ಕುಗ್ಗಿಸುವ ಎಕ್ಸ್264, ಎಕ್ಸ್265 ಎನ್‌ಕೋಡರ್‌ಗಳೆರಡಕ್ಕೂ ಸಿಆರ್‌ಎಫ್ (ಗುಣಮಟ್ಟ ಎಷ್ಟಿರಬೇಕೆಂದು ಸೂಚಿಸುವ ಅಂಕಿ) 23 ಕೊಟ್ಟು ಫೈಲ್ ಗಾತ್ರ ಹೋಲಿಸಿದ್ದೀರಿ. ಆ ಅಂಕಿಯ ಅರ್ಥ ಒಂದೊಂದು ಎನ್‌ಕೋಡರ್‌ನಲ್ಲಿ ಒಂದೊಂದು; ಡೀಫಾಲ್ಟೇ ಮೊದಲನೆಯದರಲ್ಲಿ 23, ಎರಡನೆಯದರಲ್ಲಿ 28. ಪ್ರೀಸೆಟ್ (ಎನ್‌ಕೋಡಿಂಗ್ ವೇಗದ ಆಯ್ಕೆ) ಬದಲಿಸಿದರೂ ಗಾತ್ರ, ಗುಣಮಟ್ಟ ಎರಡೂ ಜರುಗುತ್ತವೆ.

ಎರಡನ್ನೂ ಟು-ಪಾಸ್‌ನಲ್ಲಿ (ವಿಡಿಯೊವನ್ನು ಎರಡು ಸುತ್ತು ಓದಿ) ಒಂದೇ ಬಿಟ್‌ರೇಟ್‌ಗೆ (ಸೆಕೆಂಡಿಗೆ ಬಳಸುವ ಡೇಟಾ), ಸರದಿಯಂತೆ 1500, 3000, 6000 ಕೆಬಿಪಿಎಸ್‌ಗೆ ಎನ್‌ಕೋಡ್ ಮಾಡಿ, ಆಮೇಲೆ ವಿಎಂಎಎಫ್ (ಮೂಲಕ್ಕೆ ಹೋಲಿಸಿ ಗುಣಮಟ್ಟಕ್ಕೆ 100ರವರೆಗೆ ಕೊಡುವ ಅಂಕ) ಅಳೆಯಿರಿ. ಇದನ್ನು ಅಳೆಯುವ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶದಲ್ಲಿ ಮೊದಲ ಇನ್‌ಪುಟ್ ಎನ್‌ಕೋಡ್ ಆದ ಫೈಲ್, ಎರಡನೆಯದು ಮೂಲ. ಒಂದೇ ಒಂದು ಫ್ರೇಮ್ ಹಿಂದೆಮುಂದಾದರೂ ಓಡಾಟವಿರುವ ದೃಶ್ಯದಲ್ಲಿ ಅಂಕ ದಿಢೀರನೆ ಕುಸಿಯುತ್ತದೆ. ಹಾಗಾಗಿ ಎನ್‌ಕೋಡರನ್ನು ದೂರುವ ಮೊದಲು ಎರಡೂ ಫೈಲಿನ ಫ್ರೇಮ್ ದರ, ಒಟ್ಟು ಫ್ರೇಮ್ ಸಂಖ್ಯೆ ತಾಳೆ ನೋಡಿ. ಚಿಕ್ಕ ರೆಸಲ್ಯೂಷನ್ನಿಗೆ ಇಳಿಸಿದ್ದರೆ ಅಳೆಯುವಾಗ ಮೂಲದ ಗಾತ್ರಕ್ಕೇ ಹಿಗ್ಗಿಸಬೇಕು.

ಬರೀ ಸರಾಸರಿಯನ್ನು ದಯವಿಟ್ಟು ನಂಬಬೇಡಿ. ಸರಾಸರಿ 95 ಇದ್ದರೂ ಕತ್ತಲಿನ ದೃಶ್ಯದ ಕೆಲವು ಫ್ರೇಮ್‌ಗಳು 70ಕ್ಕೆ ಇಳಿದಿರಬಹುದು, ನೋಡುಗರ ಕಣ್ಣಿಗೆ ಬೀಳುವುದು ಅವೇ. ಫ್ರೇಮ್‌ವಾರು ಲಾಗ್ ತೆಗೆದು ಅತಿ ಕೆಳಗಿನ ಶೇ 1ರಷ್ಟನ್ನು ನೋಡಿ. ಇನ್ನು ಸಂಜೆ ಆಕಾಶದಂಥ ನಯವಾದ ಬಣ್ಣದಲ್ಲಿ ಮೂಡುವ ಪಟ್ಟೆಗಳನ್ನು ವಿಎಂಎಎಫ್ ಸರಿಯಾಗಿ ಹಿಡಿಯುವುದಿಲ್ಲ, ಕಣ್ಣಲ್ಲೇ ನೋಡಬೇಕು. ಬಣ್ಣದ ಛಾಯೆಗಳು ಹೆಚ್ಚಿರುವ 10 ಬಿಟ್‌ನಲ್ಲಿ ಎನ್‌ಕೋಡ್ ಮಾಡಿದರೆ ಅವು ಬಹುಮಟ್ಟಿಗೆ ಕಡಿಮೆಯಾಗುತ್ತವೆ.